ಹಬ್ಬದ ಮಳಿಗೆಯ ಹಿಂದಿನ ಲೆಕ್ಕ: ನಗರೋತ್ಸವದಿಂದ ಕುಶಲಕರ್ಮಿಗೆ ಸಿಗುವುದೇನು?

ಇಳಕಲ್ಲಿನ ಕೈಮಗ್ಗದ ಸೀರೆಯೊಂದು ಬೆಂಗಳೂರಿನ ಮಳಿಗೆಯಲ್ಲಿ 4,000 ರೂಪಾಯಿಗೆ ಮಾರಾಟವಾದರೆ ಅದರ ಮೇಲಿನ ಜಿಎಸ್‌ಟಿ ಶೇ 5. ಅದೇ ಮಗ್ಗದ ಬಟ್ಟೆಯನ್ನು ಕತ್ತರಿಸಿ ವಿನ್ಯಾಸಕಿಯೊಬ್ಬರು ಹೊಲಿಸಿದ ಉಡುಪು ಪಕ್ಕದ ಮಳಿಗೆಯಲ್ಲಿ ಅದೇ 4,000 ರೂಪಾಯಿಗೆ ಹೋದರೆ ತೆರಿಗೆ ಶೇ 18. ನೂಲು, ನೇಕಾರ, ಬಣ್ಣ ಎಲ್ಲವೂ ಒಂದೇ ಆಗಿದ್ದು ಕತ್ತರಿ ಮತ್ತು ಸೂಜಿ ಮಾತ್ರ ಹೊಸದಾಗಿ ಸೇರಿಕೊಂಡಿವೆ. 2025ರ ಸೆಪ್ಟೆಂಬರ್ 22ರಂದು ಪರಿಷ್ಕೃತ ಜಿಎಸ್‌ಟಿ ದರಗಳು ಜಾರಿಗೆ ಬಂದಾಗ ‘ಕರಕುಶಲ ವಸ್ತುಗಳ ತೆರಿಗೆ ಇಳಿಯಿತು’ ಎಂಬ ಸುದ್ದಿಯನ್ನು ಓದಿದವರಿಗೆ, ಕೆಲವೇ ತಿಂಗಳಲ್ಲಿ ಕೈಮಗ್ಗದ ಉಡುಪಿನ ಬಿಲ್ಲು ಮೊದಲಿಗಿಂತ ಹೆಚ್ಚಾಗಿದ್ದು ಕಂಡು ಗೊಂದಲವಾದದ್ದು ಸಹಜ.

ಗೊಂದಲ ತೆರಿಗೆಯಷ್ಟಕ್ಕೇ ನಿಲ್ಲುವುದಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಮೊತ್ತವನ್ನು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಅನೇಕ ಅಂಗಡಿಗಳ ಮುಂದಿದ್ದ ಕ್ಯೂಆರ್ ಫಲಕಗಳು ಮಾಯವಾದವು. ಡಿಸೆಂಬರ್‌ನಲ್ಲಿ, ಅದಕ್ಕೂ ಆರು ತಿಂಗಳ ಹಿಂದೆ ಕೊಲ್ಹಾಪುರಿ ಚಪ್ಪಲಿಯ ವಿನ್ಯಾಸವನ್ನು ಹೆಸರು ಹೇಳದೆ ಬಳಸಿಕೊಂಡ ಆರೋಪ ಹೊತ್ತಿದ್ದ ಇಟಲಿಯ ಪ್ರಾಡಾ ಕಂಪನಿ, ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಚರ್ಮೋದ್ಯಮ ನಿಗಮಗಳ ಜೊತೆಗೇ ಒಪ್ಪಂದ ಮಾಡಿಕೊಂಡಿತು. 2026ರ ಜನವರಿಯಲ್ಲಿ ಬೆಂಗಳೂರು ತನ್ನ ಕಲೆ, ವಿನ್ಯಾಸ, ಕರಕುಶಲಗಳನ್ನು ನಗರದ ಉದ್ದಗಲಕ್ಕೂ ಹರಡಿ ತೋರಿಸುವ ಬಿಎಲ್‌ಆರ್ ಹುಬ್ಬದ ಮೂರನೇ ಆವೃತ್ತಿಯನ್ನು ಆಚರಿಸಿತು. ಒಂದು ಕಡೆ ಸಂಭ್ರಮ, ಇನ್ನೊಂದು ಕಡೆ ನೋಟಿಸು. ಕೈಕಸುಬಿನವರ ಪಾಲಿಗೆ ಕಾಲ ಕೂಡಿಬಂದಿದೆಯೇ ಇಲ್ಲವೇ ಎಂಬುದನ್ನು ಈ ಸುದ್ದಿಗಳನ್ನು ಬಿಡಿಬಿಡಿಯಾಗಿ ಓದಿ ತಿಳಿಯಲಾಗದು. ಅವನ್ನು ಒಂದೇ ಲೆಕ್ಕದ ಪುಸ್ತಕದಲ್ಲಿಟ್ಟು ನೋಡಬೇಕು.

ಸಂತೆಯೇ, ಉತ್ಸವವೇ?

ನಗರವೊಂದು ತನ್ನ ಕಸುಬುದಾರರನ್ನು ಹಬ್ಬದ ನೆಪದಲ್ಲಿ ಜನರ ಮುಂದೆ ತರುವುದು ನಮ್ಮಲ್ಲಿ ಹೊಸದಲ್ಲ. ಮೈಸೂರಿನಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ, ಅಂದರೆ 1880ರ ದಶಕದಲ್ಲಿ, ದಸರೆಯ ಜೊತೆಗೆ ವಸ್ತುಪ್ರದರ್ಶನ ಸೇರಿಕೊಂಡಿತು. ಹೊಸ ಯಂತ್ರ, ಹೊಸ ಬೆಳೆ, ಹೊಸ ಕೈಕೆಲಸಗಳನ್ನು ಪ್ರಜೆಗಳಿಗೆ ಪರಿಚಯಿಸುವುದು ಅದರ ಉದ್ದೇಶವಾಗಿತ್ತು. ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಪ್ರತಿ ವರ್ಷ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತಿದೆ. 2018ರಲ್ಲಿ ‘ಬೆಂಗಳೂರು ಬೈ ಡಿಸೈನ್’ ಎಂಬ ಹೆಸರಿನಲ್ಲಿ ವಿನ್ಯಾಸಕ್ಕೇ ಮೀಸಲಾದ ಉತ್ಸವವೂ ಆಯಿತು. ಅನ್‌ಬಾಕ್ಸಿಂಗ್ ಬಿಎಲ್‌ಆರ್ ಪ್ರತಿಷ್ಠಾನದ ಹುಬ್ಬ ಶುರುವಾದದ್ದು 2023ರ ಡಿಸೆಂಬರ್‌ನಲ್ಲಿ. ಅದು ಕರಕುಶಲಕ್ಕೆ ಮಾತ್ರ ಸೀಮಿತವಲ್ಲ, ಸಂಗೀತ, ನಾಟಕ, ಸಾಹಿತ್ಯಗಳೂ ಅದರೊಳಗಿವೆ.

ಇವೆಲ್ಲವೂ ಮೇಲ್ನೋಟಕ್ಕೆ ಒಂದೇ ಬಗೆಯವಾಗಿ ಕಂಡರೂ ಕನ್ನಡದಲ್ಲಿ ಇವುಗಳಿಗೆ ನಾವು ಬೇರೆ ಬೇರೆ ಹೆಸರಿಟ್ಟಿರುವುದು ಸುಮ್ಮನೆ ಅಲ್ಲ. ಸಂತೆಯಲ್ಲಿ ಮಾಲು ತಂದವನೇ ಮಾಲಿನ ಮುಂದೆ ಕೂರುತ್ತಾನೆ, ಬೆಲೆ ಹೇಳುತ್ತಾನೆ, ಚೌಕಾಸಿಗೆ ಸಿಟ್ಟಾಗುತ್ತಾನೆ, ಸಂಜೆ ದುಡ್ಡು ಎಣಿಸಿಕೊಂಡು ಮನೆಗೆ ಹೋಗುತ್ತಾನೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ ಇಂಥದ್ದು. ಉತ್ಸವದಲ್ಲಿ ಹಾಗಲ್ಲ. ಅಲ್ಲಿ ಯಾರು ಬರಬೇಕು, ಏನನ್ನು ಇಡಬೇಕು, ಹೇಗೆ ಕಾಣಬೇಕು ಎಂದು ಆಯ್ದುಕೊಡುವ ಮೂರನೆಯವರೊಬ್ಬರು ಇರುತ್ತಾರೆ. ಆಯ್ಕೆಯಿಂದ ಗುಣಮಟ್ಟ ಬರುತ್ತದೆ, ಖರೀದಿಸುವ ಶಕ್ತಿಯಿರುವ ಗಿರಾಕಿ ಬರುತ್ತಾನೆ. ಅದರ ಜೊತೆಗೆ, ಮಾಡಿದವನಿಗೂ ಕೊಂಡವನಿಗೂ ನಡುವೆ ಒಂದು ಮೆಟ್ಟಿಲು ಕೂಡ ಬರುತ್ತದೆ. ಮುಂದಿನ ಬಹುಪಾಲು ವಾದ ಈ ಮೆಟ್ಟಿಲಿನದು.

‘ಸ್ಥಳೀಯ’ ಎಂದರೆ ಎಲ್ಲಿಯವರು?

ಇಂಥ ಉತ್ಸವಗಳ ಪ್ರಚಾರದಲ್ಲಿ ‘ಸ್ಥಳೀಯ ವಿನ್ಯಾಸಕರು ಮತ್ತು ಕುಶಲಕರ್ಮಿಗಳು’ ಎಂಬ ಜೋಡಿಪದ ಸಾಮಾನ್ಯ. ಆದರೆ ಬೆಂಗಳೂರಿನ ಮಟ್ಟಿಗೆ ಈ ಇಬ್ಬರ ಊರು ಒಂದೇ ಅಲ್ಲ. ವಿನ್ಯಾಸಕರು ನಗರದವರು. ಪೀಣ್ಯದ ಬಳಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಕೇಂದ್ರವಿದೆ, ಎಚ್‌ಎಸ್‌ಆರ್ ಬಡಾವಣೆಯಲ್ಲಿ ಫ್ಯಾಷನ್ ಕಲಿಸುವ ನಿಫ್ಟ್ ಇದೆ, ಯಲಹಂಕದಲ್ಲಿ ಸೃಷ್ಟಿ ವಿನ್ಯಾಸ ಶಾಲೆ ಇದೆ; ಇಲ್ಲಿ ಕಲಿತವರಲ್ಲಿ ಅನೇಕರು ಇಲ್ಲೇ ಸ್ಟುಡಿಯೊ ತೆರೆಯುತ್ತಾರೆ. ಕುಶಲಕರ್ಮಿಗಳಾದರೋ ಚನ್ನಪಟ್ಟಣ, ಇಳಕಲ್ಲು, ಗುಳೇದಗುಡ್ಡ, ಮೊಳಕಾಲ್ಮೂರು, ಸಂಡೂರು, ಕಿನ್ನಾಳ, ಬೀದರ್‌ಗಳವರು. ಚನ್ನಪಟ್ಟಣ ಸುಮಾರು 60 ಕಿಲೋಮೀಟರ್ ದೂರದಲ್ಲಿದ್ದರೆ ಬೀದರ್ ಹೆಚ್ಚುಕಡಿಮೆ 700 ಕಿಲೋಮೀಟರ್ ದೂರ. ಬೀದರಿನ ಮನೆಯಿಂದ ಹೊರಟು ಹತ್ತು ದಿನ ಬೆಂಗಳೂರಿನ ಮಳಿಗೆಯಲ್ಲಿ ಕೂರುವವನಿಗೆ ರೈಲಿನ ಟಿಕೆಟ್ಟು, ವಸತಿ, ಊಟ, ಸಾಗಣೆಯಲ್ಲಿ ಜಖಂ ಆಗುವ ಮಾಲು, ಅಷ್ಟು ದಿನ ನಿಂತುಹೋಗುವ ಕೆಲಸ ಇವೆಲ್ಲವೂ ಖರ್ಚೇ. ನಗರದ ವಿನ್ಯಾಸಕರಿಗೆ ಅದೇ ಹತ್ತು ದಿನ ಮೆಟ್ರೊ ಹಿಡಿದು ಹೋಗಿಬರುವ ಕೆಲಸ.

ನಗರದೊಳಗೇ ಕಸುಬಿನವರಿಲ್ಲವೆಂದಲ್ಲ. ಬೆಂಗಳೂರಿನ ಹಳೆಯ ಪೇಟೆಯ ಹೆಸರುಗಳೇ ಕಸುಬಿನ ಪಟ್ಟಿ: ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಬಳೇಪೇಟೆಯಲ್ಲಿ ವೀಣೆ, ಹಾರ್ಮೋನಿಯಂ ರಿಪೇರಿ ಮಾಡುವ ಅಂಗಡಿಗಳು ಈಗಲೂ ಇವೆ. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ನಲ್ಲಿ ಗಣೇಶನ ಹಬ್ಬಕ್ಕೂ ದೀಪಾವಳಿಗೂ ಮಣ್ಣು ಹದಗೊಳ್ಳುತ್ತದೆ. ಚಟ್ಟ, ಬುಟ್ಟಿ, ಮೊರಗಳನ್ನು ಹೆಣೆಯುವ ಮೇದರಿದ್ದಾರೆ. ಇವರ ಕೆಲಸ ‘ಕರಕುಶಲ’ ಎಂಬ ಮರ್ಯಾದೆಯ ಪದಕ್ಕೆ ಸುಲಭವಾಗಿ ಒಗ್ಗುವುದಿಲ್ಲ, ಏಕೆಂದರೆ ಅದನ್ನು ಜನ ಇನ್ನೂ ಬಳಸುತ್ತಾರೆ. ಮೊರ ಗೋಡೆಗೆ ಏರಿದ ಮೇಲೆ ಕಲೆಯಾಗುತ್ತದೆ, ಅಕ್ಕಿ ಕೇರುವಾಗ ಬರೀ ಮೊರ. ಉತ್ಸವ ನಿಜಕ್ಕೂ ನಗರದ ಉದ್ದಗಲಕ್ಕೂ ಇರಬೇಕೆಂದರೆ ಅದರ ನಕ್ಷೆಯಲ್ಲಿ ಈ ಓಣಿಗಳಿಗೂ ಜಾಗವಿರಬೇಕಾಗುತ್ತದೆ.

ಚನ್ನಪಟ್ಟಣದ ಉದಾಹರಣೆ ಇಲ್ಲಿ ವಿಶೇಷ ಗಮನಕ್ಕೆ ಅರ್ಹ. ಅಲ್ಲಿನ ಬೊಂಬೆಯ ಮಾರುಕಟ್ಟೆ ದಶಕಗಳ ಕಾಲ ನಿಂತಿದ್ದದ್ದು ಹೆದ್ದಾರಿಯ ಮೇಲೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹೋಗುವ ಕಾರುಗಳು ಕಾಫಿಗೆ ನಿಂತಾಗ ಮಕ್ಕಳು ಹಟ ಹಿಡಿಯುತ್ತಿದ್ದರು, ವ್ಯಾಪಾರವಾಗುತ್ತಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ರಸ್ತೆ ಊರನ್ನು ಬದಿಗೆ ಸರಿಸಿ ಹೋಯಿತು. ಕಾರು ನಿಲ್ಲದಿದ್ದರೆ ಮಗು ಹಟ ಹಿಡಿಯುವುದಿಲ್ಲ. ಗಿರಾಕಿ ಬೊಂಬೆಯ ಬಳಿಗೆ ಬರುವುದು ಕಡಿಮೆಯಾದಾಗ ಬೊಂಬೆಯೇ ಗಿರಾಕಿಯ ಬಳಿಗೆ ಹೋಗಬೇಕಾಗುತ್ತದೆ. ನಗರದ ಉತ್ಸವಗಳ ಮಹತ್ವ ಹೆಚ್ಚಿರುವುದಕ್ಕೆ ಇಂಥ ಕಾರಣಗಳೂ ಇವೆ. ಹೆದ್ದಾರಿಯ ಅಂಗಡಿ ವರ್ಷದ 365 ದಿನ ತೆರೆದಿರುತ್ತಿತ್ತು, ಉತ್ಸವ ಹತ್ತು ದಿನದ್ದು ಎಂಬ ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ.

ಪರವಾದವೂ ವಿರೋಧವೂ

ಉತ್ಸವದ ಪರವಾಗಿ ಮಾತನಾಡುವವರ ವಾದ ಗಟ್ಟಿಯಾದದ್ದೇ. ಕೈಯಲ್ಲಿ ಮಾಡಿದ ವಸ್ತು ಕಾರ್ಖಾನೆಯ ವಸ್ತುವಿನೊಂದಿಗೆ ಬೆಲೆಯಲ್ಲಿ ಎಂದೂ ಪೈಪೋಟಿ ನಡೆಸಲಾರದು. ಚೀನಾದ ಪ್ಲಾಸ್ಟಿಕ್ ಆಟಿಕೆಗಳು ಚನ್ನಪಟ್ಟಣಕ್ಕೆ ಕೊಟ್ಟ ಪೆಟ್ಟು ಇದಕ್ಕೆ ಸಾಕ್ಷಿ. ಕೇಂದ್ರ ಸರ್ಕಾರ 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿದ್ದು, ಆಟಿಕೆಗಳಿಗೆ ಗುಣಮಟ್ಟದ ಬಿಐಎಸ್ ಗುರುತನ್ನು ಕಡ್ಡಾಯಗೊಳಿಸಿ ನೋಂದಾಯಿತ ಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿ ಕೊಟ್ಟಿದ್ದು ಒಂದಿಷ್ಟು ಉಸಿರಾಡುವ ಜಾಗ ಒದಗಿಸಿದವು. ಆದರೆ ಸುಂಕ ಆಮದನ್ನು ತಡೆಯುತ್ತದೆಯೇ ಹೊರತು ಗಿರಾಕಿಯನ್ನು ತಂದುಕೊಡುವುದಿಲ್ಲ. ವಸ್ತುವನ್ನು ಯಾರು, ಹೇಗೆ ಮಾಡಿದರು ಎಂಬ ಕಥೆ ತಿಳಿದ ಗಿರಾಕಿ ಮಾತ್ರ ಹೆಚ್ಚು ಬೆಲೆ ಕೊಡಲು ಒಪ್ಪುತ್ತಾನೆ. ಆ ಕಥೆ ಹೇಳುವ ಜಾಗ ಉತ್ಸವ. ಅಲ್ಲದೆ ವಿನ್ಯಾಸಕರು ಕೈಜೋಡಿಸಿದ್ದರಿಂದಲೇ ಚನ್ನಪಟ್ಟಣದ ಅರಗಿನ ಕೆಲಸ ಬೊಂಬೆಯನ್ನು ದಾಟಿ ದೀಪ, ಬಳೆ, ಪರದೆಯ ಉಂಗುರಗಳವರೆಗೆ ಬೆಳೆಯಿತು.

ವಿರೋಧದ ದನಿಯೂ ಪೊಳ್ಳಲ್ಲ. ಮಳಿಗೆಯ ಬಾಡಿಗೆ, ಆಯ್ಕೆಯ ಅರ್ಜಿ, ಇಂಗ್ಲಿಷಿನ ಪರಿಚಯಪತ್ರ, ಒಳ್ಳೆಯ ಫೋಟೊಗಳು ಇವೆಲ್ಲ ಒದಗುವುದು ನಗರದ ಬ್ರ್ಯಾಂಡ್‌ಗಳಿಗೆ. ಕುಶಲಕರ್ಮಿಗೆ ಉಳಿಯುವ ಪಾತ್ರ ‘ಪ್ರಾತ್ಯಕ್ಷಿಕೆ’. ಮೂಲೆಯಲ್ಲಿ ಮರ ಕಡೆಯುವ ತಿರುಗಣಿ ಇಟ್ಟು ಕೂರಿಸಿದ ಮನುಷ್ಯನ ಸುತ್ತ ಮೊಬೈಲುಗಳು ಏಳುತ್ತವೆ, ಬಿಲ್ಲು ಮಾತ್ರ ಆಚೆಯ ಮೇಜಿನಲ್ಲಿ ಹರಿಯುತ್ತದೆ. ಮೊದಲು ಅಹವಾಲು ಹೇಳಿಕೊಳ್ಳಲು ಒಂದು ಸರ್ಕಾರಿ ಬಾಗಿಲಾದರೂ ಇತ್ತು ಎನ್ನುವವರಿದ್ದಾರೆ: ಅಖಿಲ ಭಾರತ ಕರಕುಶಲ ಮಂಡಳಿ, ಕೈಮಗ್ಗ ಮಂಡಳಿ ಎರಡನ್ನೂ ಕೇಂದ್ರ 2020ರಲ್ಲಿ ರದ್ದುಪಡಿಸಿತು. ರಾಜ್ಯದಲ್ಲಿ ಕಾವೇರಿ ಮಳಿಗೆಗಳನ್ನು ನಡೆಸುವ ಕರಕುಶಲ ಅಭಿವೃದ್ಧಿ ನಿಗಮ 1964ರಿಂದಲೂ ಇದೆ. ಆದರೆ ಸರ್ಕಾರಿ ಮಳಿಗೆಗಳ ಗಿರಾಕಿ ಹೆಚ್ಚಾಗಿ ಪ್ರವಾಸಿಗ, ಹೊಸ ತಲೆಮಾರಿನ ನಗರವಾಸಿಯಲ್ಲ.

ಎರಡೂ ವಾದಗಳು ನಿಂತಿರುವುದು ಗೌರವ ಮತ್ತು ಗಿರಾಕಿ ಎಂಬ ಎರಡು ಪದಗಳ ಮೇಲೆ. ಗೌರವ ಸಿಕ್ಕಿತೋ ಇಲ್ಲವೋ, ಗಿರಾಕಿ ಬಂದನೋ ಇಲ್ಲವೋ ಎಂಬುದರ ಸುತ್ತಲೇ ಚರ್ಚೆ ಸುತ್ತುತ್ತದೆ. ಅದಕ್ಕಿಂತ ಸಪ್ಪೆಯಾದ, ಅಷ್ಟಾಗಿ ಯಾರೂ ಕೇಳದ ಪ್ರಶ್ನೆಯೊಂದು ಹೆಚ್ಚು ನಿರ್ಣಾಯಕ ಎಂಬುದು ಈ ಲೇಖಕನ ಅಭಿಪ್ರಾಯ. ವಸ್ತು ತಯಾರಾದ ದಿನದಿಂದ ದುಡ್ಡು ಕೈಸೇರುವ ದಿನದವರೆಗೆ ಬಂಡವಾಳ ಯಾರ ತಲೆಯ ಮೇಲೆ ಕೂತಿರುತ್ತದೆ?

ಮಾಲು ಯಾರದು, ದುಡ್ಡು ಯಾವಾಗ?

ಬಿದರಿಯ ಒಂದು ಹೂದಾನಿಯನ್ನು ತೆಗೆದುಕೊಳ್ಳೋಣ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಚಿತ್ತಾರ ಬರೆದು, ಉಳಿಯಿಂದ ಗೀರು ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಸುತ್ತಿಗೆಯಿಂದ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಗೋಡೆಗಳ ನಡುವಿನಿಂದ ತಂದ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿ ದ್ರಾವಣದಲ್ಲಿ ಅದ್ದಿದಾಗ ಸತು ಮಾತ್ರ ಕಾಡಿಗೆಗಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಲೆಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಇಷ್ಟು ಕೆಲಸದಲ್ಲಿ ಅತಿ ದುಬಾರಿಯಾದ ಕಚ್ಚಾವಸ್ತು ಬೆಳ್ಳಿ. 2025ರ ಆರಂಭದಲ್ಲಿ ಕಿಲೋಗೆ 1 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದ ಬೆಳ್ಳಿ ಅದೇ ವರ್ಷದ ಡಿಸೆಂಬರ್‌ನಲ್ಲಿ 2 ಲಕ್ಷ ದಾಟಿತು. ಒಂದು ಹೂದಾನಿಗೆ 30 ಗ್ರಾಂ ಬೆಳ್ಳಿ ಬೇಕೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಕಿಲೋಗೆ 90,000 ರೂಪಾಯಿ ಇದ್ದಾಗ ಹತ್ತು ಹೂದಾನಿಗಳಿಗೆ 27,000 ರೂಪಾಯಿಯ ಬೆಳ್ಳಿ ಸಾಕಿತ್ತು; 2 ಲಕ್ಷವಾದಾಗ ಅಷ್ಟೇ ಹೂದಾನಿಗಳಿಗೆ 60,000 ರೂಪಾಯಿ ಬೇಕು. ಕುಶಲಕರ್ಮಿಯ ಕೂಲಿ ಒಂದು ಪೈಸೆಯೂ ಹೆಚ್ಚಿಲ್ಲ, ಆದರೆ ಉತ್ಸವಕ್ಕೆ ಮಾಲು ಸಿದ್ಧಪಡಿಸಲು ಅವನು ಸಾಲ ತರಬೇಕಾದ ಮೊತ್ತ ಎರಡು ಪಟ್ಟಿಗೂ ಹೆಚ್ಚಾಗಿದೆ.

ಈಗ ಆ ಹತ್ತು ಹೂದಾನಿಗಳು ನಗರ ಸೇರುವ ದಾರಿಗಳನ್ನು ನೋಡಬೇಕು. ಕುಶಲಕರ್ಮಿಯೇ ಮಳಿಗೆ ಹಿಡಿದು ಮಾರಿದರೆ ಪೂರ್ತಿ ಬೆಲೆ ಅವನದು. ಬಾಡಿಗೆ, ಪ್ರಯಾಣ, ಮಾರಾಟವಾಗದೆ ಉಳಿಯುವ ಅಪಾಯವೂ ಅವನದೇ. ವಿನ್ಯಾಸಕರೋ ಅಂಗಡಿಯವರೋ ಮೊದಲೇ ದುಡ್ಡು ಕೊಟ್ಟು ಕೊಂಡುಕೊಂಡರೆ ಬೆಲೆ ಕಡಿಮೆ ಸಿಗುತ್ತದೆ, ಅಪಾಯ ಮಾತ್ರ ದಾಟಿಹೋಗುತ್ತದೆ. ಮೂರನೆಯ, ಅತ್ಯಂತ ರೂಢಿಯಲ್ಲಿರುವ ದಾರಿ ಕನ್‌ಸೈನ್‌ಮೆಂಟ್: ಮಾಲು ಇಟ್ಟು ಹೋಗಿ, ಮಾರಾಟವಾದ ಮೇಲೆ ದುಡ್ಡು ಕೊಡುತ್ತೇವೆ, ಉಳಿದದ್ದನ್ನು ವಾಪಸು ಒಯ್ಯಿರಿ. ಅಂಗಡಿಯವರ ದೃಷ್ಟಿಯಿಂದ ಇದು ತಪ್ಪೇನಲ್ಲ. ಯಾವುದು ಹೋಗುತ್ತದೆ ಯಾವುದು ಹೋಗುವುದಿಲ್ಲ ಎಂದು ಗೊತ್ತಿಲ್ಲದ ಮಾಲಿಗೆ ಸಣ್ಣ ಅಂಗಡಿಯೊಂದು ಮುಂಗಡ ಹಣ ಹೂಡಲಾರದು. ಆದರೆ ಪರಿಣಾಮ ನೋಡಿ: ಎಂಟು ಹೂದಾನಿ ಮೂರು ತಿಂಗಳು ಷೋಕೇಸಿನಲ್ಲಿ ಕೂತರೆ, ನಗರದ ಅಂಗಡಿಯ ದಾಸ್ತಾನಿಗೆ ಬಡ್ಡಿ ಕಟ್ಟುವವನು ಬೀದರಿನ ಓಣಿಯಲ್ಲಿ ಕೂತ ಮನುಷ್ಯ. ಹೆಚ್ಚು ಬಂಡವಾಳವಿದ್ದವನಿಗೆ ಕಡಿಮೆ ಬಂಡವಾಳದವನು ಬಡ್ಡಿಯಿಲ್ಲದ ಸಾಲ ಕೊಟ್ಟಂತೆ ಇದು.

ಕಾನೂನು ಇದನ್ನು ತಡೆಯುವುದಿಲ್ಲವೇ? 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಗರಿಷ್ಠ 45 ದಿನಗಳಲ್ಲಿ ಹಣ ಪಾವತಿಸಬೇಕು. ತಡವಾಗಿ ಪಾವತಿಸಿದವರಿಗೆ ಆದಾಯ ತೆರಿಗೆಯಲ್ಲಿ ಆ ವೆಚ್ಚದ ಕಡಿತ ಸಕಾಲಕ್ಕೆ ಸಿಗದಂತೆ 2023ರ ಬಜೆಟ್‌ನಲ್ಲಿ ತಂದ ತಿದ್ದುಪಡಿ ಇದಕ್ಕೆ ಇನ್ನಷ್ಟು ಹಲ್ಲು ಕೊಟ್ಟಿತು. ಆದರೆ ಈ ರಕ್ಷಣೆ ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರ ನಡೆಸುವ ‘ಉದ್ಯಮ್’ ನೋಂದಣಿ ಮಾಡಿಸಿಕೊಂಡವರಿಗೆ. ಮನೆಯ ಜಗಲಿಯಲ್ಲಿ ಕೆಲಸ ಮಾಡುವ ಅನೇಕರಿಗೆ ಅದು ಇಲ್ಲ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. 45 ದಿನಗಳ ಎಣಿಕೆ ಖರೀದಿಯಿಂದ ಶುರುವಾಗುವಂಥದ್ದು. ಕನ್‌ಸೈನ್‌ಮೆಂಟ್‌ನಲ್ಲಿ ಅಂಗಡಿಯವರು ಇನ್ನೂ ಕೊಂಡೇ ಇಲ್ಲ. ಮಾಲು ಅವರ ಷೋಕೇಸಿನಲ್ಲಿದ್ದರೂ ಕಾಗದದ ಮೇಲೆ ಕುಶಲಕರ್ಮಿಯದೇ. ಹಾಗಾಗಿ ಗಡಿಯಾರ ಚಲಿಸಲು ತೊಡಗುವುದೇ ಇಲ್ಲ.

ಬ್ಯಾಂಕಿನ ಸಾಲದಿಂದ ಈ ಅಂತರ ತುಂಬಬಹುದೆಂಬ ಲೆಕ್ಕಾಚಾರದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಪಿಎಂ ವಿಶ್ವಕರ್ಮ ಯೋಜನೆ ಬಂತು: 18 ಕಸುಬುಗಳು, ಸಲಕರಣೆಗೆ 15,000 ರೂಪಾಯಿ, ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ 5. ಸಾಂಪ್ರದಾಯಿಕ ಬೊಂಬೆ ಮಾಡುವವರು ಈ ಪಟ್ಟಿಯಲ್ಲಿದ್ದಾರೆ. ಕಡಿಮೆ ಬಡ್ಡಿಯ ಸಾಲ ನಿಜಕ್ಕೂ ಆಸರೆ. ಆದರೂ ಸಾಲ ಎಂದರೆ ಅಪಾಯ ಮತ್ತೆ ಕುಶಲಕರ್ಮಿಯ ಹೆಗಲಿಗೇ ಬಿದ್ದಂತೆ. ಮುಂಗಡ ಕೊಟ್ಟು ಆರ್ಡರ್ ಹಾಕುವವನು ಮಾತ್ರ ಆ ಅಪಾಯವನ್ನು ಹಂಚಿಕೊಳ್ಳುತ್ತಾನೆ.

ತೆರಿಗೆಯ ಗೆರೆ ಎಲ್ಲಿ ಬಿದ್ದಿದೆ?

ಮೊದಲಿಗೆ ಹೇಳಿದ ಒಗಟಿಗೆ ಈಗ ಮರಳಬಹುದು. 2025ರ ಸೆಪ್ಟೆಂಬರ್ ಪರಿಷ್ಕರಣೆಯಲ್ಲಿ ಶೇ 12ರ ಹಂತವನ್ನೇ ಕೈಬಿಟ್ಟಿದ್ದರಿಂದ ಅದರಲ್ಲಿದ್ದ ಕರಕುಶಲ ವಸ್ತುಗಳು, ಆಟಿಕೆಗಳು ಶೇ 5ಕ್ಕೆ ಇಳಿದವು. ಸೀರೆ ಕಾನೂನಿನ ಕಣ್ಣಿಗೆ ಹೊಲಿಯದ ಬಟ್ಟೆಯಾದ್ದರಿಂದ ಬೆಲೆ ಎಷ್ಟೇ ಇರಲಿ ಶೇ 5ರಲ್ಲೇ ಉಳಿಯಿತು. ಸಿದ್ಧ ಉಡುಪಿಗೆ ಮಾತ್ರ ಬೆಲೆಯ ಗೆರೆ ಎಳೆಯಲಾಯಿತು: ಒಂದಕ್ಕೆ 2,500 ರೂಪಾಯಿವರೆಗೆ ಶೇ 5, ಅದನ್ನು ದಾಟಿದರೆ ಶೇ 18. ಈ ಗೆರೆ ಕೈಮಗ್ಗ, ವಿದ್ಯುತ್ ಮಗ್ಗ ಎಂಬ ಭೇದ ಮಾಡುವುದಿಲ್ಲ.

ಗೆರೆಯ ಎರಡು ಬದಿಯಲ್ಲಿ ಏನಾಗುತ್ತದೆಂದರೆ, 2,500 ರೂಪಾಯಿಯ ಉಡುಪಿಗೆ ತೆರಿಗೆ ಸೇರಿ ಗಿರಾಕಿ ಕೊಡುವುದು 2,625 ರೂಪಾಯಿ. ಬೆಲೆಯನ್ನು ನೂರೇ ರೂಪಾಯಿ ಏರಿಸಿ 2,600 ಮಾಡಿದರೆ ಗಿರಾಕಿ 3,068 ಕೊಡಬೇಕು. ನೂರು ರೂಪಾಯಿ ಹೆಚ್ಚು ಕೂಲಿ ಕೊಡಲು ಮನಸ್ಸಿರುವ ವಿನ್ಯಾಸಕಿಗೂ ಗಿರಾಕಿಯ ಮುಂದೆ 443 ರೂಪಾಯಿಯ ಏರಿಕೆಯನ್ನು ಸಮರ್ಥಿಸಿಕೊಳ್ಳಬೇಕಾದ ಸ್ಥಿತಿ. ಇದರಿಂದ ಎರಡು ಪರಿಣಾಮಗಳನ್ನು ನಿರೀಕ್ಷಿಸಬಹುದು. ಮಧ್ಯಮ ಬೆಲೆಯ ಉಡುಪುಗಳು 2,499ರ ಕೆಳಗೆ ಗುಂಪುಗೂಡುತ್ತವೆ, ಮತ್ತು ಆ ಮಿತಿಯೊಳಗೆ ಉಳಿಯಲು ಮೊದಲು ಕತ್ತರಿ ಬೀಳುವುದು ಕೈಕಸೂತಿಗೆ, ಏಕೆಂದರೆ ಗಂಟೆಗಳ ಲೆಕ್ಕದಲ್ಲಿ ಅದೇ ದುಬಾರಿ. ಇನ್ನು ಕೆಲವು ವಿನ್ಯಾಸಕರು ಹೊಲಿದ ಉಡುಪು ಬಿಟ್ಟು ಸೀರೆ, ಮೀಟರ್ ಬಟ್ಟೆಯ ಕಡೆ ಹೊರಳುತ್ತಾರೆ. ನೇಕಾರನಿಗೆ ಇದು ಅನುಕೂಲವೂ ಆದೀತು. ಟೈಲರ್‌ಗೆ, ಕಸೂತಿಯ ಹೆಂಗಸರಿಗೆ ಅಲ್ಲ. ಕಸೂತಿಗೆ ಅದರ ಹೆಸರನ್ನು ಕಾಪಾಡುವ ಭೌಗೋಳಿಕ ಗುರುತು ಕೊಟ್ಟು ಗೌರವಿಸಿದ ವ್ಯವಸ್ಥೆಯೇ ಅದನ್ನು ಉಡುಪಿನ ಮೇಲೆ ಹಾಕುವುದನ್ನು ತುಟ್ಟಿಯಾಗಿಸಿದ್ದು ಇಲ್ಲಿನ ವ್ಯಂಗ್ಯ.

ನೋಂದಣಿಯ ಬಗ್ಗೆ ಇರುವ ಭಯದಲ್ಲಿ ತಿಳಿವಳಿಕೆಯ ಕೊರತೆಯ ಪಾಲು ದೊಡ್ಡದು. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ ಜಿಎಸ್‌ಟಿ ನೋಂದಣಿ ಬೇಡ. ಹೊರರಾಜ್ಯಕ್ಕೆ ಹೋಗಿ ಮಾರುವವರು ವಹಿವಾಟು ಎಷ್ಟೇ ಇದ್ದರೂ ನೋಂದಣಿ ಮಾಡಿಸಬೇಕೆಂಬ ಸಾಮಾನ್ಯ ನಿಯಮದಿಂದಲೂ ಅಧಿಸೂಚಿತ ಕರಕುಶಲ ವಸ್ತುಗಳಿಗೆ, ವಹಿವಾಟು 20 ಲಕ್ಷ ಮೀರದಿದ್ದರೆ, ಪ್ಯಾನ್ ಮತ್ತು ಸರಕು ಸಾಗಣೆಯ ಇ-ವೇ ಬಿಲ್ ಇರಬೇಕೆಂಬ ಷರತ್ತಿನೊಂದಿಗೆ ವಿನಾಯಿತಿಯಿದೆ. ಅಂದರೆ ಕಚ್ಛ್‌ನಿಂದ ಬೆಂಗಳೂರಿಗೆ ಬರುವ ಕಸೂತಿಯವರಾಗಲಿ, ಕಿನ್ನಾಳದಿಂದ ದೆಹಲಿಗೆ ಹೋಗುವ ಬೊಂಬೆಯವರಾಗಲಿ ಬಹುತೇಕ ಈ ಮಿತಿಯೊಳಗೇ ಇರುತ್ತಾರೆ. ಜುಲೈನ ನೋಟಿಸುಗಳು ಹುಟ್ಟಿಸಿದ ಹೆದರಿಕೆ ಈ ವಿನಾಯಿತಿಗಳ ಸುದ್ದಿಗಿಂತ ಬೇಗ ಹರಡಿತು. ನಗದು ಮಾತ್ರ ಎನ್ನುವ ಮಳಿಗೆಯ ಮುಂದಿನಿಂದ, ಪರ್ಸಿನಲ್ಲಿ ನೋಟಿಡುವ ರೂಢಿಯನ್ನೇ ಬಿಟ್ಟಿರುವ ನಗರದ ಗಿರಾಕಿ ಮುಂದಕ್ಕೆ ಹೋಗಿಬಿಡುತ್ತಾನೆ.

ಹೆಸರು ಮತ್ತು ನಕಲು

ಪ್ರಾಡಾ ಪ್ರಕರಣ ಹಲವರನ್ನು ಗೊಂದಲಕ್ಕೆ ಕೆಡವಿದ್ದು ಭೌಗೋಳಿಕ ಗುರುತಿನ, ಅಂದರೆ ಜಿಐ ಟ್ಯಾಗ್‌ನ ವಿಚಾರದಲ್ಲಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಈ ಗುರುತು ಮಹಾರಾಷ್ಟ್ರದ ನಾಲ್ಕು ಹಾಗೂ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ (ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ) ಸೇರಿದ್ದು; ಅಥಣಿ, ನಿಪ್ಪಾಣಿ ಭಾಗದವರು ತಲೆಮಾರುಗಳಿಂದ ಈ ಚಪ್ಪಲಿ ಹೊಲಿಯುತ್ತಿದ್ದಾರೆ. ಗುರುತು ಇದ್ದೂ ಕಂಪನಿಯನ್ನು ತಡೆಯಲು ಏಕೆ ಆಗಲಿಲ್ಲ? ಏಕೆಂದರೆ ಜಿಐ ಕಾಪಾಡುವುದು ಹೆಸರನ್ನು, ಆಕಾರವನ್ನಲ್ಲ. ‘ಕೊಲ್ಹಾಪುರಿ’ ಎಂದು ಕರೆಯದೆ ಬರೀ ‘ಚರ್ಮದ ಚಪ್ಪಲಿ’ ಎಂದರೆ ಆ ಕಾನೂನಿನಲ್ಲಿ ಹಿಡಿಯುವುದು ಕಷ್ಟ. ಸಾರ್ವಜನಿಕ ಒತ್ತಡ ಮಾಡಿದ್ದನ್ನು ಕಾನೂನು ಮಾಡಿರಲಿಲ್ಲ. ಡಿಸೆಂಬರ್‌ನ ಒಪ್ಪಂದದಂತೆ ಈ ಪ್ರದೇಶದ ಕುಶಲಕರ್ಮಿಗಳಿಂದ ಸುಮಾರು 2,000 ಜೊತೆ ಚಪ್ಪಲಿ ಮಾಡಿಸಿ, ಒಂದು ಜೊತೆಯನ್ನು ಸುಮಾರು 800 ಯೂರೊ ಬೆಲೆಗೆ ಮಾರುವ ಯೋಜನೆ ಕಂಪನಿಯದು. ಆ 800 ಯೂರೊದಲ್ಲಿ ಅಥಣಿಯ ಪಾಲೆಷ್ಟು ಎಂಬುದು ನಗರೋತ್ಸವಗಳಿಗೂ ಅನ್ವಯಿಸುವ ಪ್ರಶ್ನೆ.

ನಕಲಿನ ಭಯ ವಿನ್ಯಾಸಕರಿಗೂ ಇದೆ. ಅವರಲ್ಲಿ ಅನೇಕರಿಗೆ ತಿಳಿಯದ ಸಂಗತಿಯೆಂದರೆ, ಉತ್ಸವದಲ್ಲಿ ಪ್ರದರ್ಶಿಸುವುದೇ ಹಕ್ಕಿಗೆ ಮುಳುವಾಗಬಹುದು. 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿಯಾಗಲು ವಿನ್ಯಾಸ ಹೊಸದಾಗಿರಬೇಕು, ಅರ್ಜಿಗೆ ಮೊದಲೇ ಬಹಿರಂಗವಾಗಿರಬಾರದು. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ ಕಾಯ್ದೆಯ 21ನೇ ಕಲಂ ವಿನಾಯಿತಿ ಕೊಡುತ್ತದೆ, ಅದೂ ಮುಂಚಿತವಾಗಿ ನೋಟಿಸ್ ಕೊಟ್ಟು ಆರು ತಿಂಗಳೊಳಗೆ ಅರ್ಜಿ ಹಾಕಿದರೆ. ಕೃತಿಸ್ವಾಮ್ಯದ ಮೊರೆ ಹೋಗೋಣವೆಂದರೆ, ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಅದೂ ಕೈಬಿಡುತ್ತದೆ. ಹೊಸ ದೀಪದ ವಿನ್ಯಾಸವನ್ನು ಮೊದಲು ಉತ್ಸವದಲ್ಲಿ ತೋರಿಸಿ, ಮೆಚ್ಚುಗೆ ಬಂದ ಮೇಲೆ ನೋಂದಾಯಿಸಿಕೊಳ್ಳುತ್ತೇನೆ ಎನ್ನುವವರು ಆ ಹೊತ್ತಿಗೆ ಬಾಗಿಲು ಮುಚ್ಚಿರುವುದನ್ನು ಕಾಣುತ್ತಾರೆ. ಸಂಘಟಕರು ತಮ್ಮ ಪ್ರದರ್ಶನವನ್ನು ಅಧಿಸೂಚನೆಗೆ ಒಳಪಡಿಸಿಕೊಳ್ಳುವುದು, ಇಲ್ಲವೇ ಅರ್ಜಿ ಹಾಕಿದ ಮೇಲೆಯೇ ಹೊಸ ವಿನ್ಯಾಸವನ್ನು ಮಳಿಗೆಗೆ ತನ್ನಿ ಎಂದು ಆಯ್ಕೆಯ ಪತ್ರದಲ್ಲೇ ಎಚ್ಚರಿಸುವುದು ವೇದಿಕೆಯ ಅಲಂಕಾರಕ್ಕಿಂತ ಅಗ್ಗದ ಕೆಲಸ.

ಕುಶಲಕರ್ಮಿಯ ಸ್ಥಿತಿ ಇದಕ್ಕಿಂತಲೂ ನಾಜೂಕು. ಜಿಐ ನೋಂದಣಿ ಸಾಮಾನ್ಯವಾಗಿ ನಿಗಮದ ಅಥವಾ ಸಂಘದ ಹೆಸರಿನಲ್ಲಿರುತ್ತದೆ. ವ್ಯಕ್ತಿಯೊಬ್ಬ ‘ಅಧಿಕೃತ ಬಳಕೆದಾರ’ನಾಗಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಮಳಿಗೆಯ ಚೀಟಿಯ ಮೇಲೆ ಊರಿನ ಹೆಸರು, ಬ್ರ್ಯಾಂಡಿನ ಹೆಸರು ಎರಡೂ ಇದ್ದು ಮಾಡಿದವನ ಹೆಸರು ಇಲ್ಲದಿರುವುದಕ್ಕೆ ಇದೂ ಒಂದು ಕಾರಣ. ಹೆಸರು ಬರೀ ಮರ್ಯಾದೆಯ ವಿಷಯವಲ್ಲ. ಹೆಸರು ತಿಳಿದ ಗಿರಾಕಿ ಮುಂದಿನ ಸಲ ನೇರವಾಗಿ ಫೋನ್ ಮಾಡಬಲ್ಲ.

ಮುಂದೇನಾಗಬಹುದು?

ಹೊರಗಿನ ಮಾದರಿಗಳನ್ನು ಇಲ್ಲಿಗೆ ಹಾಗೆಯೇ ತಂದು ನೆಡುವ ಉತ್ಸಾಹ ಈ ಚರ್ಚೆಯಲ್ಲಿ ಆಗಾಗ ಕಾಣಿಸುತ್ತದೆ. 2003ರಲ್ಲಿ ಜಾನ್ ಸೊರೆಲ್ ಮತ್ತು ಬೆನ್ ಇವಾನ್ಸ್ ಆರಂಭಿಸಿದ ಲಂಡನ್ ಡಿಸೈನ್ ಫೆಸ್ಟಿವಲ್ ಇವತ್ತು ಬಡಾವಣೆಗಳ ಹಂತದಲ್ಲಿ ಹರಡಿಕೊಂಡಿದೆ. ಅಲ್ಲಿ ಸ್ಟುಡಿಯೊ, ಅಂಗಡಿ, ಸಗಟು ಖರೀದಿದಾರ ಒಂದೇ ಬೀದಿಯಲ್ಲಿ ಸಿಗುತ್ತಾರೆ. ನಮ್ಮಲ್ಲಿ ಸ್ಟುಡಿಯೊ ಇಂದಿರಾನಗರದಲ್ಲಿ, ತಿರುಗಣಿ ಚನ್ನಪಟ್ಟಣದಲ್ಲಿ. ಯುನೆಸ್ಕೊದ ಸೃಜನಶೀಲ ನಗರಗಳ ಜಾಲದಲ್ಲಿ ಕರಕುಶಲ ವಿಭಾಗಕ್ಕೆ 2015ರಲ್ಲಿ ಜೈಪುರ, 2021ರಲ್ಲಿ ಶ್ರೀನಗರ ಸೇರಿದವು, ಕರ್ನಾಟಕದ ಯಾವ ನಗರವೂ ಆ ಪಟ್ಟಿಯಲ್ಲಿಲ್ಲ ಎಂದು ಕೊರಗುವವರಿದ್ದಾರೆ. ಆ ಎರಡು ನಗರಗಳಲ್ಲಿ ಮಾಡುವವರು ನಗರದೊಳಗೇ ಇದ್ದಾರೆ ಎಂಬುದನ್ನು ಅವರು ಗಮನಿಸುವುದು ಒಳ್ಳೆಯದು.

ಸದ್ಯದ ದಿಕ್ಕಿನಲ್ಲೇ ಸಾಗಿದರೆ ಉತ್ಸವಗಳು ಇನ್ನಷ್ಟು ದೊಡ್ಡದಾಗುತ್ತವೆ, ಜನ ಬರುತ್ತಾರೆ, ನಗರದ ವಿನ್ಯಾಸ ಬ್ರ್ಯಾಂಡ್‌ಗಳು ಬೆಳೆಯುತ್ತವೆ. ಕುಶಲಕರ್ಮಿ ಆ ಬ್ರ್ಯಾಂಡ್‌ಗಳಿಗೆ ಕೂಲಿ ಲೆಕ್ಕದಲ್ಲಿ ದುಡಿಯುವವನಾಗುತ್ತಾನೆ. ಇಳಕಲ್ಲು, ಗುಳೇದಗುಡ್ಡಗಳನ್ನು ಬಲ್ಲವರಿಗೆ ಈ ವ್ಯತ್ಯಾಸ ಹೊಸದಲ್ಲ. ಮಾಲೀಕ ನೇಕಾರ, ಕೂಲಿ ನೇಕಾರ ಎಂಬ ಎರಡು ಪದಗಳು ಅಲ್ಲಿನ ಮಾತಿನಲ್ಲೇ ಇವೆ. ಕೂಲಿ ಖಚಿತವಾದ ಆದಾಯ ಎಂಬ ಕಾರಣಕ್ಕೆ ಕೆಲವರು ಅದನ್ನೇ ಬಯಸುವುದೂ ಉಂಟು, ಅದನ್ನು ಸೋಲೆಂದು ಹೊರಗಿನವರು ತೀರ್ಪು ಕೊಡಬೇಕಿಲ್ಲ. ಆದರೆ ಕೂಲಿಯ ದುಡಿಮೆಯಲ್ಲಿ ಹೊಸ ಪ್ರಯೋಗಕ್ಕೆ ಕಾರಣವಿರುವುದಿಲ್ಲ, ಮಗನನ್ನೋ ಮಗಳನ್ನೋ ಅದೇ ಕಸುಬಿಗೆ ಕರೆತರುವ ಆಕರ್ಷಣೆಯೂ ಇರುವುದಿಲ್ಲ.

ಉತ್ಸವದ ಯಶಸ್ಸನ್ನು ಭೇಟಿ ಕೊಟ್ಟವರ ಸಂಖ್ಯೆಯಿಂದ ಅಳೆಯುವ ಬದಲು ಮುಂಗಡ ಸಹಿತ ಬಂದ ಆರ್ಡರುಗಳ ಮೊತ್ತದಿಂದ ಅಳೆದರೆ ಚಿತ್ರ ಬದಲಾಗುತ್ತದೆ. ಅದಕ್ಕೆ ಸಂಘಟಕರು ಮಾಡಬೇಕಾದ್ದು ದೊಡ್ಡದೇನಲ್ಲ. ಹೋಟೆಲುಗಳು, ಕಂಪನಿಗಳ ಉಡುಗೊರೆ ವಿಭಾಗಗಳು, ಒಳಾಂಗಣ ವಿನ್ಯಾಸಕರಂಥ ಸಗಟು ಖರೀದಿದಾರರಿಗೆ ಒಂದು ದಿನ ಮೀಸಲಿಟ್ಟು, ಮುಂಗಡವಿಲ್ಲದೆ ಆರ್ಡರ್ ಬರೆಯುವಂತಿಲ್ಲ ಎಂಬ ನಿಯಮ ಮಾಡಬಹುದು. ದೂರದ ಜಿಲ್ಲೆಗಳವರ ಮಳಿಗೆ ಬಾಡಿಗೆಯನ್ನು ದೂರಕ್ಕೆ ತಕ್ಕಂತೆ ತಗ್ಗಿಸಬಹುದು. ಪ್ರಾತ್ಯಕ್ಷಿಕೆಗೆ ಕೂರಿಸಿದವರಿಗೆ ದಿನಗೂಲಿ ಕೊಟ್ಟು, ಅವರ ಪಕ್ಕದಲ್ಲೇ ಅವರ ಮಾಲು, ಅವರದೇ ಕ್ಯೂಆರ್ ಫಲಕ ಇಡಬಹುದು.

ಜನವರಿಯ ಹಬ್ಬಕ್ಕೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಚನ್ನಪಟ್ಟಣದ ಕೆಲಸಕ್ಕೆ ಒದಗುವ ಆಲೆಮರವನ್ನು ಕಡಿದ ಕೂಡಲೇ ತಿರುಗಣಿಗೆ ಏರಿಸುವಂತಿಲ್ಲ. ತಿಂಗಳುಗಟ್ಟಲೆ ಒಣಗಬೇಕು, ಇಲ್ಲದಿದ್ದರೆ ಅರಗು ಹಿಡಿದ ಮೇಲೂ ಬಿರುಕು ಬಿಡುತ್ತದೆ. ಬೊಂಬೆಗೆ ದೊಡ್ಡ ಸುಗ್ಗಿ ದಸರೆ. ಜನವರಿಯ ಕೊನೆಗೆ ಮುಂಗಡ ಕೈಗೆ ಬಂದರೆ ಬೇಸಿಗೆಯ ಬಿಸಿಲಿನಲ್ಲಿ ಮರ ಒಣಗುತ್ತದೆ, ಮಳೆಗಾಲದಲ್ಲಿ ತಿರುಗಣಿ ಓಡುತ್ತದೆ, ನವರಾತ್ರಿಯ ಹೊತ್ತಿಗೆ ಮಾಲು ತಾಳೆಗರಿಯಿಂದ ಉಜ್ಜಿದ ಹೊಳಪು ಪಡೆದು ಪೆಟ್ಟಿಗೆ ಸೇರುತ್ತದೆ. ಅದೇ ಆರ್ಡರು ಜುಲೈನಲ್ಲಿ ಬಂದರೆ, ಒಣಗಿದ ಮರ ಯಾರ ಬಳಿ ದಾಸ್ತಾನಿದೆಯೋ ಅವರಿಂದ ಅವರು ಹೇಳಿದ ಬೆಲೆಗೆ ಕೊಳ್ಳಬೇಕಾಗುತ್ತದೆ.